ಫಿಲ್ಮ್ ರೋಲಿನ ವ್ಯಾಪಾರವೂ ಅದರ ತೆರಿಗೆಯೂ

1980ರ ದಶಕದಲ್ಲಿ ಪುರವರ ಹೋಬಳಿಯ ರೈತನೊಬ್ಬನು ಸಾಲದ ಅರ್ಜಿಗೋ, ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಗೋ ಭಾವಚಿತ್ರ ಅಂಟಿಸಬೇಕಾಗಿ ಬಂದಾಗ, ಬಸ್ಸು ಹತ್ತಿ ಮಧುಗಿರಿಗೋ ಕೊರಟಗೆರೆಗೋ ಹೋಗಿ ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತುಕೊಳ್ಳುವುದು ಸಾಮಾನ್ಯವಾಗಿತ್ತು. ಕಪ್ಪುಬಿಳುಪಿನ ಚಿತ್ರವಾದರೆ ಅಂಗಡಿಯ ಹಿಂಬದಿಯ ಡಾರ್ಕ್ ರೂಮಿನಲ್ಲಿಯೇ ತೊಳೆದು ಒಂದೆರಡು ದಿನಗಳಲ್ಲಿ ಕೈಗೆ ಕೊಡಲಾಗುತ್ತಿತ್ತು. ಬಣ್ಣದ ಚಿತ್ರವಾದರೆ "ರೋಲು ಮುಗಿಯಲಿ, ಲ್ಯಾಬಿಗೆ ಕಳಿಸುತ್ತೇವೆ" ಎಂಬ ಉತ್ತರ ಬರುತ್ತಿತ್ತು. 36 ಚಿತ್ರಗಳ ರೋಲಿನಲ್ಲಿ ಹನ್ನೊಂದು ಮಾತ್ರ ತೆಗೆದಿದ್ದರೆ ಉಳಿದ ಇಪ್ಪತ್ತೈದಕ್ಕೆ ಗಿರಾಕಿಗಳು ಬರುವವರೆಗೆ ಮೊದಲಿನವರು ಕಾಯಬೇಕಿತ್ತು.

ಕೊನೆಗೆ ಒಂದು ಸಣ್ಣ ಲಕೋಟೆಯಲ್ಲಿ ಮೂರು ಪಾಸ್‌ಪೋರ್ಟ್ ಅಳತೆಯ ಪ್ರತಿಗಳನ್ನು ಕೊಟ್ಟು ಸ್ಟುಡಿಯೋದವರು ಹಣ ಪಡೆಯುತ್ತಿದ್ದರು. ಆ ಹಣ ಯಾವುದರ ಬೆಲೆ? ಕಾಗದದ ಬೆಲೆಯೇ, ಕೈಕೆಲಸದ ಕೂಲಿಯೇ? ಮೇಲ್ನೋಟಕ್ಕೆ ಹಾಸ್ಯವೆನಿಸುವ ಈ ಪ್ರಶ್ನೆಯು 1977ರಿಂದ 2015ರವರೆಗೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಬಂದಿತು. ಅದರ ಅಂತಿಮ ಉತ್ತರವು ಕರ್ನಾಟಕದ ಫೋಟೋ ಲ್ಯಾಬುಗಳ ಪ್ರಕರಣದಲ್ಲಿಯೇ ದೊರೆಯಿತು. ಆದರೆ ಉತ್ತರ ದೊರೆಯುವ ವೇಳೆಗೆ ಫಿಲ್ಮ್ ರೋಲೇ ಅಂಗಡಿಗಳಿಂದ ಮರೆಯಾಗಿತ್ತು. ಸರಕನ್ನೂ ದುಡಿಮೆಯನ್ನೂ ಒಟ್ಟಿಗೆ ಮಾರುವ ಯಾವುದೇ ಸಣ್ಣ ಉದ್ದಿಮೆದಾರರಿಗೆ ಈ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿಗಳು ಸಾಕಷ್ಟಿವೆ.

ಬೆಳ್ಳಿಯ ಸರಕು

ಫಿಲ್ಮ್ ಎಂಬುದು ಮೂಲತಃ ಅಸಿಟೇಟಿನಂತಹ ಪಾರದರ್ಶಕ ಪಟ್ಟಿಯ ಮೇಲೆ ಜೆಲಟಿನ್ ಅಂಟಿನಲ್ಲಿ ಬೆಳ್ಳಿಯ ಲವಣದ ಕಣಗಳನ್ನು ಬೆರೆಸಿ ತೆಳುವಾಗಿ ಬಳಿದ ವಸ್ತು. ಬೆಳಕು ಬಿದ್ದ ಕಣಗಳು ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತವೆ. ಬೆಳಕು ಬೀಳದ ಕಣಗಳನ್ನು ಹೈಪೋ ದ್ರಾವಣವು ಕರಗಿಸಿ ತೆಗೆಯುತ್ತದೆ. ಬಿಳಿಯ ಅಂಗಿ ನೆಗೆಟಿವ್‌ನಲ್ಲಿ ಕಪ್ಪಾಗಿಯೂ ಕಪ್ಪು ಕೂದಲು ಬೆಳ್ಳಗೂ ಕಾಣುವುದು ಈ ಕಾರಣದಿಂದ. ಅದನ್ನು ಎನ್‌ಲಾರ್ಜರಿನ ಮೂಲಕ ಬ್ರೋಮೈಡ್ ಕಾಗದದ ಮೇಲೆ ಮತ್ತೊಮ್ಮೆ ತಿರುಗಿಸಿದಾಗ ಚಿತ್ರ ಸರಿಯಾಗುತ್ತದೆ. ಬ್ರೋಮೈಡ್ ಕಾಗದದಲ್ಲಿಯೂ ಇರುವುದು ಬೆಳ್ಳಿಯ ಲವಣವೇ.

ಆದುದರಿಂದ ಸ್ಟುಡಿಯೋ ನಡೆಸುವವನು ತಿಳಿದೋ ತಿಳಿಯದೆಯೋ ಬೆಳ್ಳಿಯ ವ್ಯಾಪಾರಿಯೂ ಆಗಿದ್ದನು. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ಸಟ್ಟಾ ವ್ಯಾಪಾರದಿಂದ ಬೆಳ್ಳಿಯ ಬೆಲೆ ಔನ್ಸ್ ಒಂದಕ್ಕೆ 50 ಡಾಲರಿನ ಸಮೀಪಕ್ಕೆ ಏರಿದಾಗ ಜಗತ್ತಿನ ಫಿಲ್ಮ್ ತಯಾರಕರೆಲ್ಲ ತತ್ತರಿಸಿದ್ದು ಇದೇ ಕಾರಣಕ್ಕೆ. ಬಳಸಿದ ಹೈಪೋ ದ್ರಾವಣದಲ್ಲಿ ಕರಗಿದ ಬೆಳ್ಳಿಯನ್ನು ವಿದ್ಯುತ್ ಹಾಯಿಸಿ ಅಥವಾ ಉಕ್ಕಿನ ನಾರನ್ನು ಮುಳುಗಿಸಿ ಮರಳಿ ಪಡೆಯಬಹುದು. ದೊಡ್ಡ ಲ್ಯಾಬುಗಳೂ ಎಕ್ಸ್‌ರೇ ವಿಭಾಗವಿದ್ದ ಆಸ್ಪತ್ರೆಗಳೂ ಹೀಗೆ ಒಂದಿಷ್ಟು ಆದಾಯ ಕಂಡುಕೊಂಡಿದ್ದವು. ತಾಲ್ಲೂಕು ಕೇಂದ್ರದ ಸಣ್ಣ ಸ್ಟುಡಿಯೋಗೆ ಅಷ್ಟು ಪ್ರಮಾಣದ ಹೈಪೋ ಸೇರುತ್ತಿರಲಿಲ್ಲವಾದ್ದರಿಂದ ಅದು ಬಚ್ಚಲಿಗೆ ಹೋಗುತ್ತಿತ್ತು.

ಲೆಕ್ಕಪತ್ರದ ದೃಷ್ಟಿಯಿಂದ ಇದು ಕಷ್ಟದ ಸರಕು. ಪ್ರತಿ ಡಬ್ಬಿಯ ಮೇಲೂ ಅವಧಿ ಮುಗಿಯುವ ದಿನಾಂಕವಿರುತ್ತಿತ್ತು. ಶಿರಾ, ಪಾವಗಡಗಳ ಏಪ್ರಿಲ್ ಬಿಸಿಲಿನಲ್ಲಿ ಆ ದಿನಾಂಕಕ್ಕಿಂತ ಮುಂಚೆಯೇ ಬಣ್ಣ ಕೆಡುವ ಸಂಭವವಿತ್ತು. ಮದುವೆಯ ತಿಂಗಳುಗಳಿಗೆಂದು ಹೆಚ್ಚು ರೋಲು ತಂದಿಟ್ಟು ಮುಹೂರ್ತಗಳು ಕಡಿಮೆಯಾದರೆ ಬಂಡವಾಳ ಕಪಾಟಿನಲ್ಲಿಯೇ ಹಾಳಾಗುತ್ತಿತ್ತು. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ದೊರೆಯುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮಾತ್ರ ತೋರಿಸಬೇಕೆಂದು ಲೆಕ್ಕಪತ್ರ ಮಾನದಂಡ 2 ಹೇಳುತ್ತದೆ. ಅವಧಿ ಮೀರಿದ ರೋಲನ್ನು ಮಾರ್ಚ್ 31ರಂದು ಕೊಂಡ ಬೆಲೆಗೇ ಬರೆದು ಲಾಭ ತೋರಿಸಿದ ಅಂಗಡಿಗಳು ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಿದವು ಎಂದೇ ಅರ್ಥ.

ಮೂರು ಸೆಕೆಂಡಿಗೆ ಒಂದು ರೋಲು

ಸ್ಥಿರಚಿತ್ರದ 35 ಮಿಲಿಮೀಟರ್ ರೋಲು ಹುಟ್ಟಿದ್ದು ಸಿನಿಮಾ ಫಿಲ್ಮಿನಿಂದ. ಚಲನಚಿತ್ರಕ್ಕೆಂದು ತಯಾರಾಗುತ್ತಿದ್ದ ಪಟ್ಟಿಯನ್ನೇ ಅಡ್ಡಲಾಗಿ ಓಡಿಸುವ ಲೈಕಾ ಕ್ಯಾಮೆರಾ 1925ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು, ಒಂದು ಅಡಿಗೆ 16 ಚಿತ್ರಗಳು. ಅಂದರೆ ನಿಮಿಷಕ್ಕೆ 90 ಅಡಿ. ಮದುವೆಯ ಛಾಯಾಗ್ರಾಹಕನು ಧಾರೆಯಿಂದ ಆರತಿಯವರೆಗೆ ಜೋಪಾನವಾಗಿ ಬಳಸುತ್ತಿದ್ದ 36 ಚಿತ್ರಗಳ ರೋಲಿನಷ್ಟು ಪಟ್ಟಿಯನ್ನು ಸಿನಿಮಾ ಕ್ಯಾಮೆರಾ ಸುಮಾರು ಮೂರು ಸೆಕೆಂಡುಗಳಲ್ಲಿ ನುಂಗುತ್ತದೆ. ಎರಡೂವರೆ ಗಂಟೆಯ ಚಿತ್ರದ ಒಂದು ಪ್ರತಿಗೆ 13,500 ಅಡಿ, ಎಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಫಿಲ್ಮ್ ಬೇಕು. ಇಷ್ಟೇ ಉದ್ದ ಪ್ರತಿಯೊಂದು ಚಿತ್ರಮಂದಿರಕ್ಕೂ ಬೇಕು.

ಕನ್ನಡ ಚಿತ್ರೋದ್ಯಮದ ವ್ಯಾಪಾರ ಕ್ರಮವನ್ನು ರೂಪಿಸಿದ್ದು ಈ ಅಡಿಗಳ ಲೆಕ್ಕವೇ ಎಂದರೆ ಉತ್ಪ್ರೇಕ್ಷೆಯಾಗದು. ಮೊದಲ ಕನ್ನಡ ವಾಕ್ಚಿತ್ರವಾದ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ಅದಕ್ಕೆ ಹಣ ಹೂಡಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಚಮನ್‌ಲಾಲ್ ಡುಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ತುಮಕೂರು ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರು ನಾಟಕ ಕಂಪನಿಯಲ್ಲಿ ಗಳಿಸಿದ್ದನ್ನು 'ಸದಾರಮೆ', 'ಹೇಮರೆಡ್ಡಿ ಮಲ್ಲಮ್ಮ' ಮೊದಲಾದ ಚಿತ್ರಗಳಿಗೆ ಹೂಡಿದರು. ನಾಟಕದಲ್ಲಿ ನಟ ತಪ್ಪಿದರೆ ಮರುದಿನ ಸರಿಪಡಿಸಿಕೊಳ್ಳಬಹುದು. ಫಿಲ್ಮಿನಲ್ಲಿ ತಪ್ಪಿದರೆ ಆಮದಾದ ಕಚ್ಚಾ ಫಿಲ್ಮ್ ನಷ್ಟವಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಕಚ್ಚಾ ಫಿಲ್ಮಿನ ವಿತರಣೆಯನ್ನು ನಿಯಂತ್ರಣಕ್ಕೊಳಪಡಿಸಿ ಚಿತ್ರದ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿತ್ತು. ಸಕ್ಕರೆ, ಸೀಮೆಎಣ್ಣೆಗಳಂತೆ ಕಥೆಯೂ ಪಡಿತರದಲ್ಲಿ ಬಂದ ಕಾಲವದು.

ಪ್ರತಿ ತೆಗೆಸುವುದು ದುಬಾರಿಯಾದುದರಿಂದ ವಿತರಕರು ಕೆಲವೇ ಪ್ರತಿಗಳನ್ನು ತೆಗೆಸಿ ಊರಿಂದೂರಿಗೆ ತಿರುಗಿಸುತ್ತಿದ್ದರು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಒಳಗೊಂಡ ವಲಯಕ್ಕೆ ಚಿತ್ರರಂಗದಲ್ಲಿ ಬಿ.ಕೆ.ಟಿ. ಎಂದೇ ಹೆಸರು. ಬೆಂಗಳೂರಿನ ಗಾಂಧಿನಗರದಲ್ಲಿ ಓಡಿ ಮುಗಿದ ಪ್ರತಿಯು ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳನ್ನು ದಾಟಿ ಟೂರಿಂಗ್ ಟಾಕೀಸಿನ ಟೆಂಟು ತಲುಪುವಷ್ಟರಲ್ಲಿ ಮೈತುಂಬ ಗೀರು ಬಿದ್ದು, ಹರಿದಲ್ಲಿ ಅಂಟಿಸಿ, ಹಾಡೊಂದು ಅರ್ಧಕ್ಕೇ ಹಾರುವ ಸ್ಥಿತಿಯಲ್ಲಿರುತ್ತಿತ್ತು. ಆ ಗೀರುಗಳನ್ನು ಹಳ್ಳಿಯ ಪ್ರೇಕ್ಷಕರು ಮಳೆ ಎಂದು ಹಾಸ್ಯ ಮಾಡುತ್ತಿದ್ದರು. ಆಂಧ್ರದ ಗಡಿಯನ್ನು ಬಹುಪಾಲು ಸುತ್ತಲೂ ಹೊಂದಿದ ಪಾವಗಡದಂತಹ ತಾಲ್ಲೂಕಿನಲ್ಲಿ ಕನ್ನಡ ಚಿತ್ರದ ಹಳೆಯ ಪ್ರತಿಯು ತೆಲುಗು ಚಿತ್ರದೊಡನೆ ಸ್ಪರ್ಧಿಸಬೇಕಾಗಿತ್ತು. ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲಿಯೋ ಚಿತ್ರ ಬರತೊಡಗಿದ ಮೇಲೆ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ತಾಲ್ಲೂಕು ಕೇಂದ್ರದಲ್ಲಿಯೂ ತೋರಿಸುವುದು ಸಾಧ್ಯವಾಯಿತು.

ತಯಾರಕರ ಪಾಡು

ಭಾರತದಲ್ಲಿ ಫಿಲ್ಮ್ ತಯಾರಿಸಲು ಕೇಂದ್ರ ಸರ್ಕಾರವು 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕಂಪನಿಯನ್ನು ಊಟಿಯಲ್ಲಿ ಸ್ಥಾಪಿಸಿತು. ಫಿಲ್ಮ್ ಬಳಿಯುವ ಕೆಲಸಕ್ಕೆ ಧೂಳಿಲ್ಲದ ತಂಪು ಗಾಳಿಯೂ ಶುದ್ಧ ನೀರೂ ಬೇಕಾದುದರಿಂದ ನೀಲಗಿರಿಯ ಆಯ್ಕೆ ಸಹಜವಾಗಿತ್ತು. ಫ್ರಾನ್ಸಿನ ಬೋಶೆ ಸಂಸ್ಥೆಯ ತಾಂತ್ರಿಕ ಸಹಯೋಗದಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಯಿತು. 'ಇಂದು' ಎಂಬ ಹೆಸರಿನ ಅದರ ಕಪ್ಪುಬಿಳುಪಿನ ಫಿಲ್ಮ್, ಕಾಗದ, ಎಕ್ಸ್‌ರೇ ಹಾಳೆಗಳು ಹಲವು ವರ್ಷ ದೇಶದೆಲ್ಲೆಡೆ ಬಳಕೆಯಲ್ಲಿದ್ದವು. ಆಮದಿನ ಮೇಲೆ ಪರವಾನಗಿ ಮತ್ತು ಸುಂಕದ ಗೋಡೆಯಿದ್ದಷ್ಟು ದಿನ ಆ ಕಾರ್ಖಾನೆ ನಡೆಯಿತು. ಗಿರಾಕಿಗಳು ಬಣ್ಣಕ್ಕೆ ಹೊರಳಿದಾಗ ಅದು ಕಪ್ಪುಬಿಳುಪಿನಲ್ಲಿಯೇ ಬಲವಾಗಿತ್ತು. 1991ರ ನಂತರ ಸುಂಕ ಇಳಿಯತೊಡಗಿದಾಗ ವಿದೇಶಿ ಕಂಪನಿಗಳೊಡನೆ ಸೆಣಸುವ ಶಕ್ತಿ ಅದಕ್ಕಿರಲಿಲ್ಲ. 1990ರ ದಶಕದಲ್ಲಿ ರೋಗಗ್ರಸ್ತ ಉದ್ದಿಮೆಯಾಗಿ ಬಿ.ಐ.ಎಫ್.ಆರ್. ಮುಂದೆ ಹೋದ ಕಂಪನಿಯ ನೌಕರರಿಗೆ ಸ್ವಯಂ ನಿವೃತ್ತಿ ಯೋಜನೆಯನ್ನು ಸರ್ಕಾರವು ಒಪ್ಪಿದ್ದು 2014ರಲ್ಲಿ. ಸುಂಕದ ರಕ್ಷಣೆ ಕಾಯಂ ಎಂದು ನಂಬಿದ ಉದ್ದಿಮೆಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹಾಗೆಂದು ರಕ್ಷಣೆಯೇ ಇಲ್ಲದ ಕಂಪನಿಗಳು ಉಳಿದವೆಂದೂ ಹೇಳಲಾಗದು. ಫಿಲ್ಮಿಲ್ಲದ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಮೊದಲು ರಚಿಸಿದ್ದು ಕೊಡಾಕ್ ಕಂಪನಿಯದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಕ್ಯಾಮೆರಾ ಮಾರಿ ಒಮ್ಮೆ ಗಳಿಸುವುದಕ್ಕಿಂತ ಫಿಲ್ಮ್, ಕಾಗದ, ರಾಸಾಯನಿಕ ಮಾರಿ ದಿನವೂ ಗಳಿಸುವುದು ಆ ಕಂಪನಿಯ ವ್ಯಾಪಾರದ ಬುನಾದಿಯಾಗಿತ್ತು. ಆ ಬುನಾದಿಯನ್ನು ತಾನೇ ಅಗೆಯಲು ಯಾವ ಆಡಳಿತ ಮಂಡಳಿಗೂ ಸುಲಭವಾಗಿ ಮನಸ್ಸು ಬರುವುದಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ಅಮೆರಿಕದಲ್ಲಿ ದಿವಾಳಿತನದ ರಕ್ಷಣೆ ಕೋರಿತು. ಮುಂದಿನ ವರ್ಷ ಅದರಿಂದ ಹೊರಬಂದು ಇಂದಿಗೂ ಸ್ವಲ್ಪ ಪ್ರಮಾಣದಲ್ಲಿ ಫಿಲ್ಮ್ ತಯಾರಿಸುತ್ತಿದೆ.

ಮಿನಿ ಲ್ಯಾಬಿನ ಸವಕಳಿ

ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳ ವ್ಯಾಪಾರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ರೋಲಿನ ದಾಸ್ತಾನಿಗಿಂತ ಯಂತ್ರದ ಸಾಲ. 1990ರ ದಶಕದಲ್ಲಿ ಒಂದೇ ಗಂಟೆಯಲ್ಲಿ ಬಣ್ಣದ ಪ್ರತಿಗಳನ್ನು ಕೊಡುವ ಮಿನಿ ಲ್ಯಾಬ್ ಯಂತ್ರಗಳು ಬಂದಾಗ, ಬ್ಯಾಂಕಿನ ಸಾಲದಿಂದ ಅವುಗಳನ್ನು ಕೊಂಡವರು ಹದಿನೈದಿಪ್ಪತ್ತು ವರ್ಷಗಳ ದುಡಿಮೆಯ ಲೆಕ್ಕ ಹಾಕಿದ್ದರು. ಮತದಾರರ ಗುರುತಿನ ಚೀಟಿಗೆ ಭಾವಚಿತ್ರ ಬೇಕೆಂದು ಚುನಾವಣಾ ಆಯೋಗವು 1993ರಲ್ಲಿ ಆದೇಶಿಸಿದ ಕಾಲವದು. ಇನ್ನು ಮುಂದೆ ಫೋಟೋಗೆ ಬೇಡಿಕೆ ಏರುವುದೇ ಹೊರತು ಇಳಿಯದು ಎಂಬ ಎಣಿಕೆ ತಪ್ಪೇನೂ ಆಗಿರಲಿಲ್ಲ. ಬೇಡಿಕೆ ನಿಜವಾಗಿಯೂ ಏರಿತು. ಕೆಟ್ಟದ್ದು ಫಿಲ್ಮ್ ಮಾತ್ರ.

ಇಲ್ಲಿ ಆದಾಯ ತೆರಿಗೆಯ ಸವಕಳಿ ದರವನ್ನು ನೋಡಬೇಕು. ಸಾಮಾನ್ಯ ಯಂತ್ರೋಪಕರಣಗಳಿಗೆ ಶೇಕಡಾ 25ರಷ್ಟಿದ್ದ ದರವನ್ನು 2006-07ರ ನಿರ್ಧರಣ ವರ್ಷದಿಂದ ಶೇಕಡಾ 15ಕ್ಕೆ ಇಳಿಸಲಾಯಿತು. ಉದಾಹರಣೆಗೆ 20 ಲಕ್ಷ ರೂಪಾಯಿಗೆ ಕೊಂಡ ಯಂತ್ರವೊಂದನ್ನು ಕಲ್ಪಿಸಿಕೊಳ್ಳೋಣ. ಇಳಿಕೆ ಮೌಲ್ಯದ ಕ್ರಮದಲ್ಲಿ ಶೇಕಡಾ 15ರಂತೆ ಎಂಟು ವರ್ಷ ಸವಕಳಿ ಕಳೆದ ಮೇಲೂ ಪುಸ್ತಕದಲ್ಲಿ ಸುಮಾರು 5 ಲಕ್ಷ 45 ಸಾವಿರ ರೂಪಾಯಿ ಉಳಿದಿರುತ್ತದೆ. ಅಂಗಡಿಯಲ್ಲಿ ನಿಂತಿರುವುದು ಗುಜರಿಯವನೂ ಚೌಕಾಶಿ ಮಾಡುವ ಕಬ್ಬಿಣ. ಹಳೆಯ ಯಂತ್ರವನ್ನು ಮಾರಿದರೂ ಅದೇ ಗುಂಪಿನಲ್ಲಿ ಬೇರೆ ಆಸ್ತಿ ಇದ್ದಲ್ಲಿ ನಷ್ಟವನ್ನು ಒಮ್ಮೆಲೇ ಕಳೆಯಲಾಗದೆ, ಉಳಿಕೆ ಮೊತ್ತವು ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗುತ್ತದೆ. ಆದರೆ ಬ್ಯಾಂಕಿನ ಕಂತು ಹಾಗೆ ಕರಗುವುದಿಲ್ಲ. ತೆರಿಗೆಗಾಗಿ ಕಳೆಯುವ ಸವಕಳಿಯನ್ನೇ ಯಂತ್ರದ ನಿಜವಾದ ಆಯುಷ್ಯವೆಂದು ಭಾವಿಸಿದ ಮಾಲೀಕರು ಯಂತ್ರ ಬದಲಿಸಲು ಹಣ ತೆಗೆದಿರಿಸಲೇ ಇಲ್ಲ.

ಕೂಲಿಯೇ, ಮಾರಾಟವೇ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಮಧ್ಯಪ್ರದೇಶದ ಛಾಯಾಗ್ರಾಹಕರೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ನೀಡಿದ ತೀರ್ಪು ಸರಳವಾಗಿತ್ತು. ಗಿರಾಕಿಯು ಸ್ಟುಡಿಯೋಗೆ ಬರುವುದು ಛಾಯಾಗ್ರಾಹಕನ ಕೌಶಲಕ್ಕಾಗಿ. ಕಾಗದವು ಆ ಕೆಲಸಕ್ಕೆ ಒದಗಿದ ಸಾಮಗ್ರಿ. ಆದುದರಿಂದ ಅದು ಮಾರಾಟವಲ್ಲ, ಮಾರಾಟ ತೆರಿಗೆಯೂ ಇಲ್ಲ.

1982ರಲ್ಲಿ ಸಂವಿಧಾನದ 46ನೇ ತಿದ್ದುಪಡಿಯು ಬಂದು ಚಿತ್ರವನ್ನು ಬದಲಿಸಿತು. ಕಾಮಗಾರಿ ಗುತ್ತಿಗೆಯನ್ನು ನೆರವೇರಿಸುವಾಗ ಕೈ ಬದಲಾಯಿಸುವ ಸರಕಿನ ಭಾಗದ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. ಕರ್ನಾಟಕವು ಈ ಅಧಿಕಾರವನ್ನು ಬಳಸಿಕೊಂಡು 1957ರ ಮಾರಾಟ ತೆರಿಗೆ ಕಾಯ್ದೆಯ ಆರನೆಯ ಅನುಸೂಚಿಗೆ 1989ರ ಜುಲೈ 1ರಿಂದ 25ನೇ ನಮೂದನ್ನು ಸೇರಿಸಿತು. ಫೋಟೋ, ಫೋಟೋ ಪ್ರತಿ ಹಾಗೂ ನೆಗೆಟಿವ್‌ಗಳನ್ನು ಸಂಸ್ಕರಿಸಿ ಪೂರೈಸುವುದು ಅಂದಿನಿಂದ ತೆರಿಗೆಗೆ ಒಳಪಟ್ಟಿತು.

ಫೋಟೋ ಲ್ಯಾಬುಗಳು ಇದನ್ನು ಪ್ರಶ್ನಿಸಿದವು. 2000ದಲ್ಲಿ ರೇನ್‌ಬೋ ಕಲರ್ ಲ್ಯಾಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುತ್ತಿಗೆಯ ಮುಖ್ಯ ಉದ್ದೇಶ ಸೇವೆಯೇ ಆಗಿದ್ದರೆ ಅದರೊಳಗಿನ ಸರಕನ್ನು ಬೇರ್ಪಡಿಸಿ ತೆರಿಗೆ ಹಾಕಲಾಗದೆಂದಿತು. ಅದನ್ನೇ ಅನುಸರಿಸಿ ಕರ್ನಾಟಕ ಉಚ್ಚ ನ್ಯಾಯಾಲಯವು 25ನೇ ನಮೂದನ್ನು ಸಂವಿಧಾನಬಾಹಿರವೆಂದು ಸಾರಿತು. ಲ್ಯಾಬಿನವರು ನಿಟ್ಟುಸಿರು ಬಿಟ್ಟರು. ಆದರೆ 2001ರಲ್ಲಿ ಸೀಮಾ ಸುಂಕಕ್ಕೆ ಸಂಬಂಧಿಸಿದ ಎ.ಸಿ.ಸಿ. ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ರೇನ್‌ಬೋ ತೀರ್ಪಿನ ಬಗೆಗೆ ಸಂಶಯ ವ್ಯಕ್ತಪಡಿಸಿತು. ಆ ಸಂಶಯವೇ ರಾಜ್ಯಕ್ಕೆ ಸಾಕಾಯಿತು. 2004ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯು ಅದೇ ನಮೂದನ್ನು ಮರಳಿ ಸೇರಿಸಿತು, ಅದೂ 1989ರ ಜುಲೈ 1ರಿಂದಲೇ ಜಾರಿಯಲ್ಲಿತ್ತು ಎಂಬಂತೆ.

ವ್ಯಾಪಾರಿಗೆ ನೋವಾಗುವುದು ಇಲ್ಲಿ. ಮಾರಾಟ ತೆರಿಗೆಯು ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವ ತೆರಿಗೆ. 1991ರಲ್ಲಿ ಮದುವೆಯ ಆಲ್ಬಂ ಒಯ್ದ ಗಿರಾಕಿಯ ಮನೆ ಬಾಗಿಲಿಗೆ 2004ರಲ್ಲಿ ಹೋಗಿ "ಅಂದಿನ ತೆರಿಗೆ ಬಾಕಿಯಿದೆ" ಎಂದು ಕೇಳುವುದು ಸಾಧ್ಯವೇ? ಕೈಬಿಟ್ಟ ತೆರಿಗೆ ಸ್ವಂತ ಬಂಡವಾಳದಿಂದಲೇ ಹೋಗಬೇಕು. ಉಚ್ಚ ನ್ಯಾಯಾಲಯವು 2005ರಲ್ಲಿ ಈ ಮರುಸೇರ್ಪಡೆಯನ್ನೂ ರದ್ದುಗೊಳಿಸಿತು. ರಾಜ್ಯವು ಮೇಲ್ಮನವಿ ಸಲ್ಲಿಸಿತು. ಅದೇ 2005ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆಯ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ ಬಂದಿತ್ತು. ಹಳೆಯ ಕಾಯ್ದೆಯ ವಿವಾದ ಮಾತ್ರ ದೆಹಲಿಯಲ್ಲಿ ಉಳಿಯಿತು.

2015ರ ಜನವರಿ 30ರಂದು ಕರ್ನಾಟಕ ರಾಜ್ಯ ಮತ್ತು ಪ್ರೊ ಲ್ಯಾಬ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯದ ಪರವಾಗಿ ತೀರ್ಪಿತ್ತಿತು. 46ನೇ ತಿದ್ದುಪಡಿಯ ನಂತರ ಗುತ್ತಿಗೆಯ ಮುಖ್ಯ ಉದ್ದೇಶ ಯಾವುದೆಂದು ಹುಡುಕುವ ಅಗತ್ಯವಿಲ್ಲ. ಕಾಮಗಾರಿಯೊಳಗೆ ಸರಕು ಕೈ ಬದಲಾಯಿಸಿದ್ದರೆ ಆ ಸರಕಿನ ಮೌಲ್ಯದ ಮಟ್ಟಿಗೆ ತೆರಿಗೆ ವಿಧಿಸಬಹುದು. 25ನೇ ನಮೂದು ಸಂವಿಧಾನಬದ್ಧವೆಂದು ಎತ್ತಿಹಿಡಿಯಲಾಯಿತು. ಕಾನೂನಿನ ತರ್ಕವಾಗಿ ತೀರ್ಪು ಗಟ್ಟಿಯಾದುದು. ಇಪ್ಪತ್ತೈದು ವರ್ಷಗಳ ಹಿಂದಿನ ತೆರಿಗೆಯ ಅನಿಶ್ಚಿತತೆಯನ್ನು ಸಣ್ಣ ವ್ಯಾಪಾರಿಯ ತಲೆಯ ಮೇಲೆ ತೂಗಿಬಿಟ್ಟ ಶಾಸನ ಕ್ರಮವನ್ನು ಮಾತ್ರ ಯಾರೂ ಮೆಚ್ಚಲಾರರು.

2017ರ ಜುಲೈ 1ರಿಂದ ಬಂದ ಜಿ.ಎಸ್.ಟಿ.ಯಲ್ಲಿ ಕಾಮಗಾರಿ ಗುತ್ತಿಗೆ ಎಂಬ ಪದ ಸ್ಥಿರಾಸ್ತಿಗೆ ಮಾತ್ರ ಸೀಮಿತ. ಸರಕೂ ಸೇವೆಯೂ ಸಹಜವಾಗಿ ಬೆಸೆದುಕೊಂಡಿರುವ ಪೂರೈಕೆಯನ್ನು ಸಂಯುಕ್ತ ಪೂರೈಕೆ ಎಂದು ಪರಿಗಣಿಸಿ, ಅದರಲ್ಲಿ ಪ್ರಧಾನವಾದುದರ ದರವನ್ನೇ ಒಟ್ಟು ಮೊತ್ತಕ್ಕೆ ಅನ್ವಯಿಸಲಾಗುತ್ತದೆ. ಪ್ರೊ ಲ್ಯಾಬ್ ತೀರ್ಪು ಹೊರಗಟ್ಟಿದ "ಪ್ರಧಾನ ಯಾವುದು" ಎಂಬ ಪ್ರಶ್ನೆ ಎರಡೇ ವರ್ಷಗಳಲ್ಲಿ ಕಾಯ್ದೆಯ ಮೂಲಕವೇ ಒಳಬಂದಿತು. ಫ್ಲೆಕ್ಸ್ ಮುದ್ರಿಸುವವರು, ಗಿರಾಕಿಯ ಬಟ್ಟೆಗೆ ತಮ್ಮ ದಾರ, ಗುಂಡಿ ಹಾಕಿ ಹೊಲಿಯುವವರು, ಗ್ರಿಲ್ ಮಾಡಿ ಜೋಡಿಸುವವರು ಬಿಲ್ ಬರೆಯುವಾಗ ಇದನ್ನು ಮರೆಯುವಂತಿಲ್ಲ.

ಟ್ರಂಕಿನಲ್ಲಿರುವ ನೆಗೆಟಿವ್‌ಗಳು

ಮಧುಗಿರಿ, ಶಿರಾಗಳಂತಹ ಊರುಗಳಲ್ಲಿ ಹಳೆಯ ಸ್ಟುಡಿಯೋ ಮುಚ್ಚುವಾಗ ಮಕ್ಕಳ ಕೈಗೆ ಬರುವುದು ಕ್ಯಾಮೆರಾ, ಎನ್‌ಲಾರ್ಜರ್ ಮತ್ತು ಟ್ರಂಕುಗಟ್ಟಲೆ ನೆಗೆಟಿವ್. ಆಸ್ತಿ-ಹೊಣೆ ಪಟ್ಟಿಯಲ್ಲಿ ನೆಗೆಟಿವ್‌ಗಳಿಗೆ ಬೆಲೆ ಬರೆದಿರುವುದಿಲ್ಲ. ಬೆಳ್ಳಿಗಾಗಿ ಗುಜರಿಗೆ ಕೊಡುವ ಯೋಚನೆ ಮೊದಲು ಬರುತ್ತದೆ. ಕಪ್ಪುಬಿಳುಪಿನ ನೆಗೆಟಿವ್‌ನಲ್ಲಿ ಚಿತ್ರವೇ ಬೆಳ್ಳಿಯಾದುದರಿಂದ ಅಲ್ಪಸ್ವಲ್ಪ ಲೋಹ ದೊರೆಯುತ್ತದೆ. ಬಣ್ಣದ ನೆಗೆಟಿವ್‌ನಲ್ಲಿ ಸಂಸ್ಕರಣೆಯ ಹಂತದಲ್ಲಿಯೇ ಬೆಳ್ಳಿ ಹೊರಟುಹೋಗಿ ವರ್ಣದ್ರವ್ಯ ಮಾತ್ರ ಉಳಿದಿರುತ್ತದೆ. ಅದನ್ನು ತೂಕಕ್ಕೆ ಮಾರಿ ಪ್ರಯೋಜನವಿಲ್ಲ. 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲವೆಂಬುದನ್ನು ಗುಜರಿಯವನನ್ನು ಕರೆಯುವ ಮುನ್ನ ನೆನೆಯುವುದು ಒಳ್ಳೆಯದು.

ಅವುಗಳಿಂದ ಪ್ರತಿ ತೆಗೆದು ಪುಸ್ತಕ, ಕ್ಯಾಲೆಂಡರುಗಳಿಗೆ ಮಾರಬಹುದೇ? ಇಲ್ಲಿ ನೆಗೆಟಿವ್ ಎಂಬ ವಸ್ತುವಿನ ಒಡೆತನ ಬೇರೆ, ಅದರಲ್ಲಿರುವ ಚಿತ್ರದ ಕೃತಿಸ್ವಾಮ್ಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17(ಬಿ) ಪ್ರಕರಣದಂತೆ, ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಕೃತಿಸ್ವಾಮ್ಯವು ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿಕೊಂಡವರಿಗೇ ಸೇರುತ್ತದೆ. ಮದುವೆಯ ಚಿತ್ರ ಆ ಮನೆಯವರದು. ಛಾಯಾಗ್ರಾಹಕನು ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯನ್ನೋ ಏಕಶಿಲಾ ಬೆಟ್ಟದ ಕೋಟೆಯನ್ನೋ ಯಾರ ಕೋರಿಕೆಯೂ ಇಲ್ಲದೆ ತನ್ನಿಚ್ಛೆಯಿಂದ ತೆಗೆದಿದ್ದರೆ ಅದು ಅವನದು. ಫೋಟೋಗಳಿಗೆ ಪ್ರಕಟಣೆಯಿಂದ 60 ವರ್ಷ ಎಂದಿದ್ದ ಪ್ರತ್ಯೇಕ ಅವಧಿಯನ್ನು 2012ರ ತಿದ್ದುಪಡಿಯು ತೆಗೆದುಹಾಕಿದ್ದು, ಈಗ ಇತರ ಕಲಾಕೃತಿಗಳಂತೆ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಎಂಬ ನಿಯಮವೇ ಫೋಟೋಗಳಿಗೂ ಅನ್ವಯಿಸುತ್ತದೆ.

ಹಾಗಾಗಿ ಸ್ಟುಡಿಯೋದ ಉತ್ತರಾಧಿಕಾರಿಗೆ ನೇರವಾಗಿ ತೆರೆದಿರುವ ದಾರಿ ಎರಡು. ತಂದೆಯು ಸ್ವಂತಕ್ಕೆ ತೆಗೆದ ಊರಿನ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಮಾರಬಹುದು. ಮದುವೆ, ನಾಮಕರಣಗಳ ಚಿತ್ರಗಳನ್ನು ಆಯಾ ಮನೆಯವರು ಕೇಳಿ ಬಂದಾಗ ಪ್ರತಿ ತೆಗೆದುಕೊಟ್ಟು ಶುಲ್ಕ ಪಡೆಯಬಹುದು. ಮರುಪ್ರತಿಗೆ ನೆಗೆಟಿವ್ ನಂಬರ್ ತಿಳಿಸಬೇಕೆಂದು ಹಳೆಯ ಲಕೋಟೆಗಳ ಮೇಲೆ ಅಚ್ಚು ಹಾಕಿಸುತ್ತಿದ್ದ ಸ್ಟುಡಿಯೋಗಳಲ್ಲಿ ನಂಬರು, ಹೆಸರು, ಊರು, ದಿನಾಂಕ ಬರೆದ ರಿಜಿಸ್ಟರ್ ಇರುತ್ತಿತ್ತು. ಆ ರಿಜಿಸ್ಟರ್ ಉಳಿದಿದ್ದರೆ ಪುರವರದಿಂದ ಬಂದವರಿಗೆ ಅವರ ತಂದೆತಾಯಿಯ ಮದುವೆಯ ಚಿತ್ರವನ್ನು ಅರ್ಧ ಗಂಟೆಯಲ್ಲಿ ಹುಡುಕಿಕೊಡಬಹುದು. ರಿಜಿಸ್ಟರನ್ನು ಹಳೆಯ ಕಾಗದದೊಡನೆ ರದ್ದಿಗೆ ಹಾಕಿದ್ದರೆ ಟ್ರಂಕಿನಲ್ಲಿರುವ ಮುಖಗಳು ಯಾರವೆಂದು ಹೇಳುವವರು ಸಿಗುವುದಿಲ್ಲ.